ಕಾರ್ಡಿನೊಳಗೆ ಮಡಚಿಟ್ಟ ನೋಟು

ಮೇರಿಲ್ಯಾಂಡಿನ ಆ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವವರು, ಮೀಯಿಸುವವರು, ಉಣ್ಣಿಸುವವರು ಅರ್ಧಕ್ಕರ್ಧ ನಮ್ಮವರೇ. ಕ್ಯಾಮರೂನಿನ ಬಮೆಂಡಾ ಸೀಮೆಯಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಬಂದವರು. ಅಲ್ಲಿ ಬ್ಯಾಂಕಿನಲ್ಲಿ ಕೂತು ಸಹಿ ಹಾಕುತ್ತಿದ್ದವನು ಇಲ್ಲಿ ಗಾಲಿಕುರ್ಚಿ ತಳ್ಳುತ್ತಾನೆ, ಅಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವಳು ಇಲ್ಲಿ ಮುದುಕಿಯರ ಬಟ್ಟೆ ಬದಲಿಸುತ್ತಾಳೆ. ಹಾಗಂತ ಯಾರೂ ಅಳುತ್ತ ಕೂರುವುದಿಲ್ಲ. ಎದುರು ಸಿಕ್ಕಾಗ ಒಬ್ಬರಿಗೊಬ್ಬರು ‘ಆಶಿಯಾ’ ಅನ್ನುತ್ತಾರೆ, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹೊರೆ ಹೊತ್ತವರಿಗೂ ಆಶಿಯಾ, ಜ್ವರ ಬಂದವರಿಗೂ ಆಶಿಯಾ, ಸಾವಾದ ಮನೆಗೂ ಆಶಿಯಾ. ನಿನ್ನ ಕಷ್ಟ ನನ್ನ ಕಣ್ಣಿಗೆ ಬಿದ್ದಿದೆ ಅಂತ ಅದರರ್ಥ, ಅಷ್ಟೇ. ಆಶ್ರಮದ ಮುದುಕರೂ ಆ ಮಾತು ಕಲಿತುಬಿಟ್ಟಿದ್ದರು. ಎತ್ತುವವಳು ಸೊಂಟ ಹಿಡಿದುಕೊಂಡರೆ ಅವರೇ ಮೊದಲು ‘ಆಶಿಯಾ ಕಣಮ್ಮ’ ಅನ್ನುತ್ತಿದ್ದರು.

ರೆಲಿಂಡಿಸ್ ಅಲ್ಲಿಗೆ ಸೇರಿ ಎರಡು ವರ್ಷವಾಗುತ್ತ ಬಂದಿತ್ತು. ಊರಾದ ಬಾಫುಟ್‌ನಲ್ಲಿ ಅವಳು ಮೂರನೇ ಕ್ಲಾಸಿನ ಟೀಚರು. ಬೇರೆ ದೇಶ ಬೇಕೆಂದು ಬಂದೂಕು ಹಿಡಿದು ಕಾಡು ಸೇರಿದ ಹುಡುಗರು ಶಾಲೆಗಳಿಗೆ ಬೀಗ ಹಾಕಿಸಿದಾಗ ಈ ಪುಣ್ಯಾತ್ಗಿತ್ತಿ ಸುಮ್ಮನಿರದೆ ಅಡುಗೆಮನೆಯಲ್ಲಿ ಗುಟ್ಟಾಗಿ ಪಾಠ ಹೇಳಿದಳು. ಅದಕ್ಕೆ ಕಾಡಿನವರು ಬಂದು ಕೈ ಕಡಿಯುತ್ತೇವೆ ಅಂದರು. ಕಾಡಿನವರು ಬಂದು ಹೋದ ಮನೆ ಅಂತ ಸೈನಿಕರು ಬಂದು ಬೆಂಕಿ ಇಟ್ಟರು. ಅತ್ತ ದರಿ, ಇತ್ತ ಪುಲಿ. ಮಗಳು ಆಂಗ್ವಿಯನ್ನು ದುವಾಲಾ ಪೇಟೆಯಲ್ಲಿ ತನ್ನ ಚಿಕ್ಕಮ್ಮನ ಮಡಿಲಿಗೆ ಹಾಕಿ ಹೊರಟವಳು ಯಾವ್ಯಾವುದೋ ದೇಶ ಸುತ್ತಿ ಇಲ್ಲಿ ಬಂದು ಬಿದ್ದಳು. ಬಾಲ್ಟಿಮೋರಿನ ನ್ಯಾಯಾಧೀಶರು ಅವಳ ಕಥೆ ಕೇಳಿ, ನಂಬಿ, ಈ ದೇಶದಲ್ಲಿ ಆಶ್ರಯ ಕೊಟ್ಟಿದ್ದೇನೆ ಅಂದರು. ಅವತ್ತು ಕೋರ್ಟಿನ ಅಂಗಳದಲ್ಲಿ ಅವಳು ನೆಲಕ್ಕೆ ಕೂತು ಅತ್ತದ್ದೇ ಅತ್ತದ್ದು. ಪಕ್ಕದಲ್ಲಿ ವಕೀಲೆ ಏನೇನೋ ವಿವರಿಸುತ್ತಿದ್ದಳಂತೆ, ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

ಆ ಆಶ್ರಯದ ಬಲದಿಂದಲೇ ಆಂಗ್ವಿಗೂ ಬರುವುದಕ್ಕೆ ಅಪ್ಪಣೆ ಸಿಕ್ಕಿತ್ತು. ಟಿಕೆಟ್ಟೂ ಆಗಿತ್ತು, ಇನ್ನೆರಡು ವಾರದಲ್ಲಿ ಹುಡುಗಿ ಬಂದಿಳಿಯಬೇಕು. ಎಲ್ಲಿಗೆ? ರೆಲಿಂಡಿಸ್ ಇರುವುದು ಪಾ ಆಚಿರಿಯ ಮನೆಯ ನೆಲಮಾಳಿಗೆಯಲ್ಲಿ, ಇನ್ನಿಬ್ಬರು ಹೆಂಗಸರ ಜೊತೆ. ಪಾ ಆಚಿರಿ ಇಲ್ಲಿ ನೆಲೆಸಿದ ನಮ್ಮ ಬಾಫುಟ್ ಊರಿನವರ ಸಭೆಯ ಹಿರಿಯ, ಎಲ್ಲರಿಗೂ ಅಪ್ಪನ ಸಮಾನ ‘ಪಾ’. ಬಾಯಿ ಹರಿತ, ಮನಸ್ಸು ಒಳ್ಳೆಯದು. ಆದರೆ ಒಬ್ಬಳು ಮಲಗಿದರೆ ಇನ್ನೊಬ್ಬಳು ಏಳಬೇಕಾದ ಜಾಗದಲ್ಲಿ ಬೆಳೆದ ಮಗಳನ್ನು ಎಲ್ಲಿ ಮಲಗಿಸುವುದು? ಅಂತೂ ಬಸ್ಸು ಸಿಗುವ ರಸ್ತೆಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತ್ತು. ಈಕೆ ನಮ್ಮಲ್ಲಿ ಕೆಲಸಕ್ಕಿದ್ದಾಳೆ ಅಂತ ಆಶ್ರಮದಿಂದ ಒಂದು ಪತ್ರ ತಂದುಕೊಟ್ಟರೆ ಮಂಗಳವಾರ ಬೀಗದ ಕೈ ಕೊಡುತ್ತೇನೆ ಅಂದಿದ್ದ ಮನೆಯ ಯಜಮಾನ.

ಆ ಪತ್ರ ಕೇಳಲೆಂದೇ ಗುರುವಾರ ಮಧ್ಯಾಹ್ನ ಪಾಳಿ ಮುಗಿಸಿ ರೆಲಿಂಡಿಸ್ ಮಿಸ್ ವರ್ನಾಳ ಕೋಣೆಗೆ ಹೋದಳು. ಕೆಲಸಗಾರರ ಕಾಗದಪತ್ರವೆಲ್ಲ ಮಿಸ್ ವರ್ನಾಳ ಕೈಯಲ್ಲಿ. ಉಗುರಿಗೆ ಬಣ್ಣ ಜಾಸ್ತಿ, ಮುಖದಲ್ಲಿ ನಗು ಕಡಿಮೆ. ಅವಳು ಪತ್ರಕ್ಕೆ ಇಲ್ಲ ಅನ್ನಲಿಲ್ಲ, ಫೈಲು ತೆಗೆದಳು. ಓದುತ್ತ ಓದುತ್ತ ಅವಳ ಬೆರಳು ಒಂದು ಕಡೆ ನಿಂತಿತು. ಸರ್ಕಾರ ಕೊಟ್ಟ ಕೆಲಸದ ಕಾರ್ಡಿನ ಅವಧಿ ಬರುವ ಭಾನುವಾರಕ್ಕೆ ಮುಗಿಯುತ್ತಿದೆ. ಹೊಸ ಕಾರ್ಡೆಲ್ಲಿ ಅಂತ ಕೇಳಿದಳು.

ಹೊಸ ಕಾರ್ಡು ಬಂದಿರಲಿಲ್ಲ. ಮಗಳ ಅರ್ಜಿಯ ಹಿಂದೆ ಓಡಾಡುತ್ತ ರೆಲಿಂಡಿಸ್ ತನ್ನದಕ್ಕೆ ತಡವಾಗಿ ಹಾಕಿದ್ದಳು. ಅದು ಎಲ್ಲಿದೆಯೋ, ಯಾವ ಮೇಜಿನ ಮೇಲೆ ಕೂತಿದೆಯೋ ದೇವರೇ ಬಲ್ಲ. ಹಾಗಾದರೆ ಸೋಮವಾರದಿಂದ ನಿನ್ನನ್ನು ಪಾಳಿಗೆ ಹಾಕಲು ಬರುವುದಿಲ್ಲ, ಕೆಲಸವೇ ಇಲ್ಲದವಳಿಗೆ ಪತ್ರ ಹೇಗೆ ಕೊಡಲಿ, ಅಂದಳು ಮಿಸ್ ವರ್ನಾ. ಸಿಟ್ಟಿನಿಂದಲ್ಲ, ನಿಯಮ ಹೇಳುವ ದನಿಯಲ್ಲಿ. ಆಮೇಲೆ ಕೈ ಚಾಚಿ, ಇರುವ ಕಾರ್ಡನ್ನಾದರೂ ಕೊಡು, ಇನ್ನೊಮ್ಮೆ ನೋಡುತ್ತೇನೆ ಅಂದಳು.

ರೆಲಿಂಡಿಸ್‌ಳ ಎದೆ ಧಸಕ್ಕೆಂದಿತು. ಕೆಲಸ ಹೋದರೆ ಮನೆ ಇಲ್ಲ, ಮನೆ ಇಲ್ಲದೆ ಮಗಳನ್ನು ಕರೆಸಿಕೊಂಡು ಮಾಡುವುದೇನು? ಚೀಲಕ್ಕೆ ಕೈ ಹಾಕಿ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ ಹುಡುಕಿದಳು. ಆಗ ಅವಳ ಕೈ ತಲೆಯನ್ನು ಒಂದು ಮಾತೂ ಕೇಳದೆ ತನಗೆ ಗೊತ್ತಿದ್ದ ಕೆಲಸ ಮಾಡಿತು.

ನಮ್ಮ ಕಡೆಯ ರಸ್ತೆಯಲ್ಲಿ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಜ್ಜೆಗೊಂದು ತಡೆ, ಮರದ ದಿಮ್ಮಿ, ಬಂದೂಕು. ‘ಕಾರ್ಡ್’ ಅಂದ ಕೂಡಲೇ ಗುರುತಿನ ಕಾರ್ಡು ಕೊಡಬೇಕು, ಕಾರ್ಡಿನ ಹಿಂದೆ ನೋಟೊಂದು ಬೆರಳುಗುರಿನಷ್ಟಕ್ಕೆ ಮಡಚಿ ಕೂತಿರಬೇಕು. ಮಾತಾಡಬಾರದು, ಮುಖ ನೋಡಬಾರದು. ಕಾರ್ಡು ವಾಪಸು ಬರುತ್ತದೆ, ನೋಟು ಬರುವುದಿಲ್ಲ, ಬಸ್ಸು ಹೊರಡುತ್ತದೆ. ಮಕ್ಕಳು ನಡೆಯಲು ಕಲಿತ ಹಾಗೆ ನಾವು ಇದನ್ನು ಕಲಿತಿದ್ದೇವೆ.

ಮಿಸ್ ವರ್ನಾ ಹೊದಿಕೆ ಬಿಡಿಸಿದಳು. ಮಡಚಿದ ಇಪ್ಪತ್ತು ಡಾಲರ್ ನೋಟು ಮೇಜಿನ ಮೇಲೆ ಬಿತ್ತು. ಇಬ್ಬರೂ ಅದನ್ನೇ ನೋಡಿದರು.

“ಇದೇನು?”

ಅಯ್ಯೋ ಪುಣ್ಯಾತ್ಗಿತ್ತಿ, ಚೀಲದಿಂದ ಜಾರಿ ಬಂತು ಅಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಗಾಬರಿಯಲ್ಲಿ ಬಾಯಿಯೂ ಕೈಯ ಹಿಂದೆಯೇ ಹೋಯಿತು. ತಡೆಯ ಬಳಿ ಬಾಯಿಪಾಠವಾಗಿದ್ದ ಮಾತೇ ಬಂದುಬಿಟ್ಟಿತು.

“ನಿಮಗೇ ಮಿಸ್ ವರ್ನಾ. ಕಾಫಿ ಕುಡೀರಿ.”

ಮಿಸ್ ವರ್ನಾ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಪೆನ್ನಿನ ತುದಿಯಿಂದ ಆ ನೋಟನ್ನು ಒಂದು ಲಕೋಟೆಯೊಳಕ್ಕೆ ತಳ್ಳಿ, ಅಂಟಿಸಿ, ಮೇಲೆ ರೆಲಿಂಡಿಸ್‌ಳ ಹೆಸರು ಬರೆದಳು.

“ಈ ಕುರ್ಚಿಲಿ ಕೂತು ನನ್ನ ಕೂದ್ಲು ಬೆಳ್ಳಗಾಯ್ತು. ನನಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಬಾ. ಇದನ್ನ ಮೇಲಿನವರಿಗೆ ಕಳಿಸ್ಬೇಕೋ ಬೇಡ್ವೋ, ಅಷ್ಟರಲ್ಲಿ ಯೋಚ್ನೆ ಮಾಡ್ತೀನಿ.”

ಲಕೋಟೆ ಡ್ರಾಯರಿಗೆ ಹೋಯಿತು, ಬೀಗ ಬಿತ್ತು. ರೆಲಿಂಡಿಸ್ ಕಾರ್ಡು ಎತ್ತಿಕೊಂಡು ಹೊರಗೆ ಬಂದಳು. ಪಡಸಾಲೆಯಲ್ಲಿ ಯಾರೋ ಆಶಿಯಾ ಅಂದರು, ಅವಳಿಗೆ ತಿರುಗಿ ಅನ್ನಲಾಗಲಿಲ್ಲ.

ಬಸ್ಸಿನಲ್ಲಿ ಕೂತವಳ ತಲೆಯೊಳಕ್ಕೆ ಇಲ್ಲದ ಯೋಚನೆಗಳೆಲ್ಲ ಹೊಕ್ಕವು. ಇದು ಮೇಲಿನವರಿಗೆ ಹೋದರೆ ಕೆಲಸದಿಂದ ಕಿತ್ತುಹಾಕುತ್ತಾರೆ, ಅದು ಖಂಡಿತ. ಹೊಸ ಕಾರ್ಡು ನಾಳೆಯೇ ಬಂದರೂ ಲಂಚ ಕೊಡಲು ಹೋದವಳು ಅನ್ನುವ ಹೆಸರು ಬಂದಮೇಲೆ ಇನ್ಯಾವ ಆಶ್ರಮ ಒಳಗೆ ಬಿಟ್ಟುಕೊಳ್ಳುತ್ತದೆ? ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು. ಇಳಿಯುವ ನಿಲ್ದಾಣ ದಾಟಿ ಹೋಗಿದ್ದೂ ಅವಳಿಗೆ ತಿಳಿಯಲಿಲ್ಲ.

ಮನೆಯಲ್ಲಿ ಪಾ ಆಚಿರಿ ಮೆಕ್ಕೆಜೋಳದ ಮುದ್ದೆ, ಫುಫು, ಮುಂದಿಟ್ಟುಕೊಂಡು ಕೂತಿದ್ದ. ಅವಳ ಮುಖ ನೋಡಿದವನೇ ತಟ್ಟೆ ಪಕ್ಕಕ್ಕಿಟ್ಟ. ಅವಳು ಎಲ್ಲ ಹೇಳಿ ಮುಗಿಸಿದಳು. ಪಾ ಗಡ್ಡ ಕೆರೆದುಕೊಂಡ.

“ಎಷ್ಟಿಟ್ಟಿದ್ದೆ?”

“ಇಪ್ಪತ್ತು, ಪಾ.”

“ಇಪ್ಪತ್ತೇ? ಆಯಮ್ಮನ ಉಗುರು ಬಣ್ಣಕ್ಕೂ ಸಾಲಲ್ಲ. ಸಿಟ್ಟು ಬರದೆ ಇನ್ನೇನು?”

ರೆಲಿಂಡಿಸ್ ನಗಲಿಲ್ಲ. ನಗಿಸಲು ಹೋದದ್ದು ತಪ್ಪಾಯಿತು ಅಂತ ಪಾ ಆಚಿರಿಗೂ ಅನಿಸಿತು. ವಕೀಲೆಗೆ ಫೋನು ಮಾಡು ಅಂದ. ಬೇಡ, ಅವಳ ಮುಂದೆ ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಇವಳು. ಎರಡು ಸಲ ಹೇಳಿ ನೋಡಿದ ಪಾ ಮಾರನೇ ದಿನ ತಾನೇ ನಂಬರು ಒತ್ತಿ ಫೋನನ್ನು ಅವಳ ಕಿವಿಗೆ ಹಿಡಿದ.

ವಕೀಲೆ ಚಿಕ್ಕ ವಯಸ್ಸಿನವಳು, ಮಾತು ಬಿರುಸು. ಕಾರ್ಡಿನ ವಿಷಯ ಕೇಳಿದ್ದೇ ತಡ, ಮಧ್ಯದಲ್ಲೇ ತಡೆದಳು.

“ಭಾನುವಾರ ಮುಗಿಯೋದು ಕಾರ್ಡು ಕಣ್ರೀ, ನಿಮ್ಮ ಹಕ್ಕಲ್ಲ. ಆಶ್ರಯ ಕೊಟ್ಟ ದಿನಾನೇ ಕೆಲಸದ ಹಕ್ಕೂ ಬಂತು. ಆ ಆಶ್ರಯ ಇರೋವರೆಗೂ ಅದಕ್ಕೆ ಕೊನೇ ತಾರೀಖಿಲ್ಲ. ಕೋರ್ಟ್ ಅಂಗಳದಲ್ಲಿ ಇದನ್ನೇ ತಾನೇ ನಾನು ಬಡ್ಕೊಂಡಿದ್ದು?”

ಹಾಗಾದರೆ ಮಿಸ್ ವರ್ನಾಗೆ ಏನು ತೋರಿಸುವುದು? ವಕೀಲೆಗೆ ಈಗ ನಿಜವಾಗಿಯೂ ಸಿಟ್ಟು ಬಂತು. ಆಶ್ರಯ ಸಿಕ್ಕಮೇಲೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗಿ, ಇಲ್ಲಿ ದುಡಿಯುವವರಿಗೆಲ್ಲ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರಿನ ಹೊಸ ಕಾರ್ಡು ಮಾಡಿಸಿಕೊಟ್ಟೆನಲ್ಲ, ಅದನ್ನೇನು ಮಾಡಿದಿರಿ ಅಂತ ಕೇಳಿದಳು. ಆ ಕಾರ್ಡು, ಜೊತೆಗೆ ಫೋಟೋ ಇರುವ ರಾಜ್ಯದ ಗುರುತಿನ ಚೀಟಿ, ಅವೆರಡು ಸಾಕು ಅಂದಳು.

ಆ ಹೊಸ ಕಾರ್ಡು ಹಾಲಿನ ಪುಡಿಯ ಡಬ್ಬಿಯ ತಳದಲ್ಲಿತ್ತು. ಅದನ್ನು ಅಲ್ಲಿ ಹಾಕಿದ್ದಕ್ಕೆ ರೆಲಿಂಡಿಸ್‌ಗೆ ತನ್ನದೇ ಕಾರಣವಿತ್ತು. ಸೋಷಿಯಲ್ ಸೆಕ್ಯುರಿಟಿಯ ಹಳೆಯ ಕಾರ್ಡಿನಲ್ಲಿ ಹೆಸರು, ನಂಬರಿನ ಜೊತೆಗೆ ವಲಸೆ ಇಲಾಖೆಯ ಅನುಮತಿಯಿದ್ದರೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆ ಅಂತ ದಪ್ಪಕ್ಷರದ ಒಂದು ಸಾಲಿತ್ತು. ಹೊಸದರಲ್ಲಿ ಆ ಷರತ್ತಿನ ಸಾಲಿಲ್ಲ, ಬರೀ ಹೆಸರು, ನಂಬರು. ನಮ್ಮಲ್ಲಿ ಬರಹ ಜಾಸ್ತಿ ಇದ್ದಷ್ಟೂ, ಮೊಹರು ಜಾಸ್ತಿ ಬಿದ್ದಷ್ಟೂ ಕಾಗದಕ್ಕೆ ಬಲ. ಬೋಳು ಕಾಗದ ತೋರಿಸಿದರೆ ಪೊಲೀಸರು ಹರಿದು ಮುಖಕ್ಕೆ ಎಸೆಯುತ್ತಾರೆ. ಹಾಗಾಗಿ ಬಲವಾದದ್ದು ಅಂತ ಹಳೆಯದನ್ನು ಚೀಲದಲ್ಲಿಟ್ಟುಕೊಂಡು, ಪಾಪದ್ದು ಅಂತ ಹೊಸದನ್ನು ಡಬ್ಬಿಗೆ ಹಾಕಿದ್ದಳು. ಪಾ ಆಚಿರಿ ಎರಡನ್ನೂ ಅಂಗೈ ಮೇಲಿಟ್ಟುಕೊಂಡು ನೋಡಿದ.

“ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ. ನೀನು ತುಪ್ಪಕ್ಕೆ ಲಂಚ ಬೇರೆ ಕೊಟ್ಟು ಬಂದಿದೀಯ.”

ನೋಟಿನ ವಿಷಯಕ್ಕೆ ಬಂದಾಗ ಮಾತ್ರ ವಕೀಲೆಯ ಬಿರುಸು ನಿಂತುಹೋಯಿತು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ ಅಂದಳು. ಕಾರ್ಡಿನ ಕಾರಣಕ್ಕೆ ನಿಮ್ಮನ್ನು ತೆಗೆಯಲಾರರು, ನೋಟಿನ ಕಾರಣಕ್ಕೆ ತೆಗೆಯಬಹುದು. ತೆಗೆದರೆ ಅದು ತಪ್ಪು ಅಂತ ನಾನು ವಾದ ಮಾಡಲಾರೆ. ಹೋಗಿ ಮಾತಾಡಿ, ಸುಳ್ಳು ಮಾತ್ರ ಹೇಳಬೇಡಿ ಅಂದು ಫೋನಿಟ್ಟಳು.

ರೆಲಿಂಡಿಸ್ ಆ ಬೋಳು ಕಾರ್ಡನ್ನೇ ನೋಡುತ್ತ ಕೂತಳು. ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ತನ್ನದೇ ವಸ್ತು, ತನ್ನದೇ ಡಬ್ಬಿಯಲ್ಲಿತ್ತು. ಅದನ್ನು ಕೊಳ್ಳಲು ಹೋಗಿ ಅದನ್ನೇ ಕಳೆದುಕೊಳ್ಳುವ ಹಾಗಾಗಿತ್ತು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಭಾನುವಾರ ಬಾಫುಟ್ ಸಭೆ. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಹೆಂಗಸರು ಸುತ್ತುಗಟ್ಟಿ ತಲೆಗೊಂದು ಬುದ್ಧಿ ಹೇಳಿದರು. ಬಸ್ಸಿಗೆಂದು ಇಟ್ಟುಕೊಂಡ ದುಡ್ಡು ಹೊದಿಕೆಗೆ ಅಂಟಿಕೊಂಡಿತ್ತು ಅನ್ನು. ಕಾಫಿಯ ಮಾತು ಬಂದರೆ ಭಾಷೆ ಸರಿಯಾಗಿ ಬಾರದು ಅನ್ನು. ಅಷ್ಟು ಹೇಳಲಾರದವಳು ನೀನೆಂಥ ಟೀಚರಮ್ಮ ಅಂತ ಒಬ್ಬಳು ಚುಚ್ಚಿದಳು. ಕೊನೆಗೆ ರೆಲಿಂಡಿಸ್‌ಗೂ ಅದೇ ಸರಿ ಅನ್ನಿಸಿತು. ಮಗಳು ಬರುವ ಹೊತ್ತಿನಲ್ಲಿ ಧರ್ಮರಾಯನ ಹಾಗೆ ಕೂತರೆ ಆದೀತೇ? ಬಸ್ಸಿನ ದುಡ್ಡು, ಅಂಟಿಕೊಂಡಿತ್ತು. ಅದನ್ನೇ ಬಾಯಿಪಾಠ ಮಾಡುತ್ತ ಸೋಮವಾರ ಬೆಳಿಗ್ಗೆ ಆಶ್ರಮದ ಮೆಟ್ಟಿಲು ಹತ್ತಿದಳು.

ಲಕೋಟೆ ಮೇಜಿನ ಮೇಲೆಯೇ ಇತ್ತು. ಮಿಸ್ ವರ್ನಾ ಕೂರು ಅನ್ನಲಿಲ್ಲ. ಕೆಲಸದ ಹೊಸ ಕಾರ್ಡು ಬಂತೇ ಅಂದಳು.

ರೆಲಿಂಡಿಸ್ ಚೀಲಕ್ಕೆ ಕೈ ಹಾಕಿದಳು. ಡಬ್ಬಿಯ ಕಾರ್ಡು, ಗುರುತಿನ ಚೀಟಿ, ಎರಡೂ ಬೆರಳಿಗೆ ಸಿಕ್ಕವು. ಪಕ್ಕದಲ್ಲೇ ದುಡ್ಡಿನ ಚೀಲವೂ ಸಿಕ್ಕಿತು, ಬೆರಳು ಅಲ್ಲಿ ಒಂದು ಗಳಿಗೆ ತಡೆಯಿತು. ಬರಿಯ ಕಾಗದ ಮುಂದೆ ಚಾಚುವುದೆಂದರೆ ಅವಳಿಗೆ ಬತ್ತಲೆ ನಿಂತಂತೆ. ಹಲ್ಲು ಕಚ್ಚಿ ಎರಡನ್ನೇ ತೆಗೆದು ಮೇಜಿನ ಮೇಲಿಟ್ಟಳು, ಮಧ್ಯೆ ಏನೂ ಇಲ್ಲ ಅಂತ ಕಾಣಲೆಂದು ಒಂದರಿಂದ ಒಂದನ್ನು ದೂರ ಸರಿಸಿದಳು.

ಮಿಸ್ ವರ್ನಾ ಕನ್ನಡಕ ಏರಿಸಿದಳು. ಕಾರ್ಡು ತಿರುಗಿಸಿ ನೋಡಿದಳು, ಕಂಪ್ಯೂಟರಿನಲ್ಲಿ ಏನೋ ಓದಿದಳು, ಮತ್ತೆ ಕಾರ್ಡು ನೋಡಿದಳು. ಗೋಡೆಯಾಚೆ ಯಾವುದೋ ಮುದುಕನ ಟೀವಿ ಗೊಣಗುತ್ತಿತ್ತು. ರೆಲಿಂಡಿಸ್ ನಿಂತೇ ಇದ್ದಳು.

ಕೊನೆಗೆ, ಇದು ಸಾಕು, ಇದಕ್ಕೆ ಅವಧಿಯೇ ಇಲ್ಲ, ಇನ್ನು ಈ ವಿಷಯಕ್ಕೆ ನಿನ್ನನ್ನು ಕೇಳುವ ಹಾಗಿಲ್ಲ ಅಂದಳು ಮಿಸ್ ವರ್ನಾ. ಗುರುವಾರವೇ ಇದನ್ನು ಕೊಡಬಾರದಿತ್ತೇ ಅಂತ ಗೊಣಗಿದಳು. ಬೇರೇನು ತೋರಿಸಬಹುದು ಅಂತ ಗುರುವಾರ ತಾನೂ ಹೇಳಿರಲಿಲ್ಲ, ಅದು ಅವಳಿಗೂ ನೆನಪಾಗಿರಬೇಕು. ದನಿ ಸ್ವಲ್ಪ ಇಳಿಯಿತು. ಆಮೇಲೆ ಬೆರಳನ್ನು ಲಕೋಟೆಯ ಮೇಲಿಟ್ಟಳು.

“ಇದಕ್ಕೇನು ಹೇಳ್ತೀಯ?”

ಬಸ್ಸಿನ ದುಡ್ಡು, ಅಂಟಿಕೊಂಡಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಬಸ್ಸು ಅನ್ನುವ ಮಾತಿನ ಹಿಂದೆಯೇ ಬೇರೊಂದು ಬಸ್ಸು ಅವಳ ಕಣ್ಣ ಮುಂದೆ ಬಂದು ನಿಂತಿತು. ರೆಲಿಂಡಿಸ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

“ನನಗೊಬ್ಬ ತಮ್ಮ ಇದ್ದ ಮಿಸ್ ವರ್ನಾ, ಫ್ರೂ ಅಂತ. ಬಮೆಂಡಾದಿಂದ ಬಸ್ಸಲ್ಲಿ ಬರ್ತಿದ್ವಿ. ಸೈನಿಕರು ತಡೆದ್ರು. ಎಲ್ಲರೂ ಕಾರ್ಡ್ ಒಳಗೆ ನೋಟಿಟ್ಟು ಕೊಟ್ವಿ. ಅವನಿಗೆ ಆಗ್ತಾನೇ ಹೊಸ ಕಾರ್ಡ್ ಬಂದಿತ್ತು. ಹತ್ತು ವರ್ಷಕ್ಕೆ ಕೊಟ್ಟಿದಾರೆ ಅಕ್ಕ, ತಪ್ಪೇನಿದೆ ಅದರಲ್ಲಿ, ನಾನ್ಯಾಕೆ ದುಡ್ಡು ಕೊಡ್ಲಿ ಅಂದ. ಬರೀ ಕಾರ್ಡ್ ಕೊಟ್ಟ. ಇಳಿ ಅಂದ್ರು. ಇಳಿದ. ಡ್ರೈವರ್ ಸ್ವಲ್ಪ ಹೊತ್ತು ಕಾದ, ಆಮೇಲೆ ಹೊರಡು ಅಂತ ಬಂದೂಕು ತೋರಿಸಿದ್ರು. ನಮ್ಮ ತಮ್ಮ ಇನ್ನೂ ಮನೆಗೆ ಬಂದಿಲ್ಲ.”

ಅವಳು ಮೇಜಿನ ಮೇಲಿದ್ದ ಕಾರ್ಡನ್ನು ಬೆರಳಿನಿಂದ ಮುಟ್ಟಿದಳು.

“ಅವತ್ತಿಂದ ನಾನು ಯಾರಿಗೂ ಬರೀ ಕಾರ್ಡ್ ಕೊಟ್ಟಿಲ್ಲ. ನಿಮಗೆ ಬೆಲೆ ಕಟ್ಟಿದ್ದಲ್ಲ. ಭಯ ಆಯ್ತು, ಅಷ್ಟೇ. ಕಳಿಸೋದಾದ್ರೆ ಕಳಿಸಿ.”

ಮಿಸ್ ವರ್ನಾ ಕಿಟಕಿಯ ಕಡೆ ನೋಡುತ್ತ ಕೂತಳು. ಆಮೇಲೆ ಲಕೋಟೆಯನ್ನು ಒಡೆಯದೆ ಹಾಗೆಯೇ ಇವಳ ಕಡೆ ತಳ್ಳಿದಳು.

“ಆಶಿಯಾ,” ಅಂದಳು.

ಆಶ್ರಮದ ಗೋಡೆಗಳ ಮಧ್ಯೆ ದಿನಕ್ಕೆ ನೂರು ಸಲ ಕೇಳಿದ ಮಾತು. ಅದು ಆ ಮೇಜಿನ ಆಚೆಯಿಂದ ಬರಬಹುದು ಅಂತ ರೆಲಿಂಡಿಸ್ ಕನಸಿನಲ್ಲೂ ಎಣಿಸಿರಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ಮಿಸ್ ವರ್ನಾ ಅವಳನ್ನು ಅಳಲು ಬಿಟ್ಟು ಕಂಪ್ಯೂಟರಿನ ಕಡೆ ತಿರುಗಿ ಮನೆಯ ಯಜಮಾನನಿಗೆ ಪತ್ರ ಟೈಪು ಮಾಡಿದಳು. ಸಹಿ ಹಾಕಿ ಕೊಡುವಾಗ ಹಳೆಯ ದನಿ ವಾಪಸು ಬಂದಿತ್ತು. ಇನ್ನೊಮ್ಮೆ ಇಂಥದ್ದು ಈ ಮೇಜಿನ ಮೇಲೆ ಕಂಡರೆ ನಾನೇ ಗೇಟಿನವರೆಗೆ ಬಂದು ಕಳಿಸಿಕೊಡುತ್ತೇನೆ, ಹೋಗು, ನಾಲ್ಕನೇ ಕೋಣೆಯ ಮುದುಕಿ ನೀನು ಬರದೆ ಗಂಜಿ ಕುಡಿಯುವುದಿಲ್ಲವಂತೆ ಅಂದಳು.

ಅವತ್ತಿನ ಪಾಳಿ ಹೇಗೆ ಮುಗಿಯಿತೋ ಅವಳಿಗೆ ಗೊತ್ತಾಗಲಿಲ್ಲ. ಮನೆಗೆ ಬಂದವಳು ಬೂಟು ಕೂಡ ಬಿಚ್ಚದೆ ದುವಾಲಾಕ್ಕೆ ಫೋನು ಹಚ್ಚಿದಳು. ಮನೆ ಸಿಕ್ಕಿತು, ನಿನಗೇ ಒಂದು ಕೋಣೆ ಅಂದಳು. ಆಂಗ್ವಿ ಕಿಟಕಿ ಇದೆಯಾ, ಬಾಗಿಲಿಗೆ ಚಿಲಕ ಇದೆಯಾ ಅಂತ ನೂರೆಂಟು ಕೇಳಿದಳು. ಕೊನೆಗೆ, ಒಣಮೀನು ಎಷ್ಟು ತರಲಿ ಅಂದಷ್ಟೇ ಸಲೀಸಾಗಿ ಇನ್ನೊಂದು ಕೇಳಿದಳು.

“ಮಾ, ಏರ್‌ಪೋರ್ಟಲ್ಲಿ ಪಾಸ್‌ಪೋರ್ಟ್ ಒಳಗೆ ಎಷ್ಟಿಡ್ಲಿ?”

ಹುಡುಗಿಗೆ ನೋಟು ಮಡಚಲು ಕಲಿಸಿದವಳು ರೆಲಿಂಡಿಸೇ. ಅಂಚಿಗೆ ಅಂಚು ಸೇರಿಸಿ, ಉಗುರಿನಿಂದ ಒತ್ತಿ, ಹೀಗೆ ಅಂತ ತೋರಿಸಿಕೊಟ್ಟವಳು.

“ಅಲ್ಲಿ ಚಿಕ್ಕಜ್ಜಿ ಹೇಳಿದಷ್ಟು ಇಡು,” ಅಂದಳು. “ವಿಮಾನದಲ್ಲಿ ಕೂತ್ಮೇಲೆ ಪುಟ ಪುಟ ತಿರುಗಿಸಿ ನೋಡು. ಒಳಗೆ ಏನೂ ಉಳಿದಿರಬಾರದು.”

“ಇಳಿದ್ಮೇಲೆ ಆಫೀಸರ್ ಕೇಳಿದ್ರೆ?”

“ಪಾಸ್‌ಪೋರ್ಟ್ ಕೊಡು.”

“ಬರೀ ಪಾಸ್‌ಪೋರ್ಟಾ?”

“ಬರೀ ಪಾಸ್‌ಪೋರ್ಟ್.”

ಹುಡುಗಿ ಮೆಲ್ಲಗೆ, “ಫ್ರೂ ಮಾವಾನೂ ಹಾಗೇ ಅಲ್ವಾ ಮಾ ಕೊಟ್ಟಿದ್ದು?” ಅಂದಳು.

ರೆಲಿಂಡಿಸ್ ಗೋಡೆಗೆ ಒರಗಿದಳು. ಮಡಿಲಲ್ಲಿ ಮನೆಯ ಪತ್ರವಿತ್ತು, ಅದರ ಮೇಲೆ ಒಡೆಯದ ಲಕೋಟೆಯಿತ್ತು.

“ಹೌದು ಮಗಳೇ, ಹಾಗೇ ಕೊಟ್ಟಿದ್ದ. ಇವತ್ತು ನಾನೂ ಹಾಗೇ ಕೊಟ್ಟೆ. ನೋಡು, ಮನೆಗೆ ಬಂದಿದೀನಿ.”